ಹಳೇ ಸ್ಪೋರ್ಟ್ಸ್ ಕಾರಿಗೆ ಎಂಥ ಬ್ಯಾಟರಿ ಹೊಂದುತ್ತದೆ?

ಹಳೇ ಸ್ಪೋರ್ಟ್ಸ್ ಕಾರಿನ ಬ್ಯಾಟರಿ ಓಡಿ ಓಡಿ ಸವೆದು ಹೋಗುವುದು ಅಪರೂಪ. ನಿಂತು ನಿಂತು ಹಾಳಾಗುವುದೇ ಜಾಸ್ತಿ. ಬಿಸಿಲು ಚೆನ್ನಾಗಿದ್ದ ಭಾನುವಾರ ಒಂದು ಸುತ್ತು, ಆಮೇಲೆ ವಾರಗಟ್ಟಲೆ ಶೆಡ್ಡಿನಲ್ಲಿ. ಹೀಗಿರುವ ಕಾರಿಗೆ ಹೊಸ ಬ್ಯಾಟರಿ ಹುಡುಕುವಾಗ ಹೆಚ್ಚಿನವರು ಪೆಟ್ಟಿಗೆಯ ಮೇಲಿನ ಅತಿ ದೊಡ್ಡ ಸಂಖ್ಯೆಯನ್ನು ನೋಡುತ್ತಾರೆ. ನೋಡಬೇಕಾದದ್ದು ಬೇರೆ: ಈ ಕಾರು ಬ್ಯಾಟರಿಯನ್ನು ಹೇಗೆ ಚಾರ್ಜ್ ಮಾಡುತ್ತದೆ, ಎಷ್ಟು ದಿನ ಸುಮ್ನೆ ನಿಲ್ಲುತ್ತದೆ?

ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ. ಮೂಲ ರಸಾಯನ ಇಂದಿಗೂ ಅದೇ. ಒಂದು ಪ್ಲೇಟಿನಲ್ಲಿ ಸೀಸದ ಡೈಆಕ್ಸೈಡ್, ಇನ್ನೊಂದರಲ್ಲಿ ಸ್ಪಂಜಿನಂಥ ಸೀಸ, ನಡುವೆ ನೀರು ಬೆರೆತ ಸಲ್ಫ್ಯೂರಿಕ್ ಆಸಿಡ್. ಕರೆಂಟ್ ಕೊಡುತ್ತಾ ಹೋದಂತೆ ಎರಡೂ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಸಿಡ್ ತೆಳುವಾಗುತ್ತದೆ. ಚಾರ್ಜ್ ಮಾಡಿದರೆ ಎಲ್ಲವೂ ಹಿಂದಿನಂತೆ. ಒಂದು ಸೆಲ್ಲಿಗೆ ಸುಮಾರು 2.1 ವೋಲ್ಟ್, ಆರು ಸೆಲ್ಲಿಗೆ 12.6 ವೋಲ್ಟ್.

ತೊಂದರೆ ಇರುವುದು ಆ ಸಲ್ಫೇಟಿನಲ್ಲಿ. ಆಗಷ್ಟೇ ಹುಟ್ಟಿದ ಹರಳುಗಳು ಬಹಳ ನುಣ್ಣಗಿರುತ್ತವೆ, ಚಾರ್ಜ್ ಕೊಟ್ಟರೆ ಕರಗುತ್ತವೆ. ವಾರಗಟ್ಟಲೆ ಬಿಟ್ಟರೆ ಸಣ್ಣವು ಕರಗಿ ದೊಡ್ಡವಕ್ಕೆ ಸೇರಿಕೊಂಡು ಗಟ್ಟಿಯಾಗುತ್ತವೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅವು ಪೂರ್ತಿ ಹೋಗುವುದಿಲ್ಲ. ಪ್ಲೇಟಿನ ಅಷ್ಟು ಜಾಗ ಕೆಲಸಕ್ಕೆ ಬಾರದೆ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಕಾರು ಕೆಲವು ಗಂಟೆ ನಿಂತ ಮೇಲೆ ಮೀಟರ್ ಹಿಡಿದು ನೋಡುವುದು ಒಳ್ಳೆಯ ಅಭ್ಯಾಸ. 12.6 ಇದ್ದರೆ ತುಂಬಿದೆ. 12.2 ಅಂದರೆ ಅರ್ಧ ಖಾಲಿ. 12.4ಕ್ಕಿಂತ ಕೆಳಗೆ ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟು ಹೋಗಬಾರದು.

ಇನ್ನು ಪೆಟ್ಟಿಗೆಯ ಮೇಲಿನ ಸಂಖ್ಯೆಗಳು. ಸಿಸಿಎ ಎಂಬ ಅಳತೆ, ಮೈನಸ್ 18 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ 30 ಸೆಕೆಂಡು ಕಾಲ 7.2 ವೋಲ್ಟಿಗಿಂತ ಕೆಳಗಿಳಿಯದೆ ಬ್ಯಾಟರಿ ಎಷ್ಟು ಆಂಪಿಯರ್ ಕೊಡಬಲ್ಲದು ಎಂದು ಹೇಳುತ್ತದೆ. ಇದು ಜಾಸ್ತಿ ಇದ್ದರೆ ಸ್ಟಾರ್ಟರ್ ಮೋಟಾರ್ ಸುಟ್ಟು ಹೋಗುತ್ತದೆ ಎಂಬ ಭಯ ಬೇಡ. ಮೋಟಾರ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಆಂಪಿಯರ್-ಅವರ್, ಅಂದರೆ ಬ್ಯಾಟರಿ ಒಟ್ಟು ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಲೆಕ್ಕ, ಮಾತ್ರ ಯೋಚಿಸಬೇಕಾದದ್ದು. 1960ರ ದಶಕದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿದ್ದ ಲೂಕಾಸ್ ಸಿ40/1 ಡೈನಮೋ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತದೆ, ಎಂಜಿನ್ ಐಡಲಿನಲ್ಲಿದ್ದಾಗ ಏನೂ ಕೊಡುವುದಿಲ್ಲ ಎನ್ನಬಹುದು. ಹೆಡ್‌ಲೈಟ್ ಹಾಕಿಕೊಂಡು ಸಣ್ಣ ಸುತ್ತು ಹೋದರೆ, ಸೆಲ್ಫ್ ಹೊಡೆದು ಖರ್ಚು ಮಾಡಿದ್ದೂ ವಾಪಸ್ ಬರುವುದು ಕಷ್ಟ. ಇಂಥ ಕಾರಿಗೆ ದೊಡ್ಡ ಬ್ಯಾಟರಿ ಹಾಕಿದರೆ ಭಾರ ಹೆಚ್ಚುತ್ತದೆಯೇ ಹೊರತು ಚಾರ್ಜ್ ಹೆಚ್ಚುವುದಿಲ್ಲ.

ಜಾಗದ ವಿಷಯದಲ್ಲಿ ಹಳೇ ಕಾರುಗಳದ್ದು ಒಂದೊಂದಕ್ಕೂ ಒಂದೊಂದು ಕಥೆ. ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಬಹಳ ವರ್ಷ ಸೀಟಿನ ಹಿಂದೆ, ನೆಲದ ಕೆಳಗೆ ಎರಡು 6 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಿದ್ದರು. ಆಮೇಲೆ ಒಂದೇ 12 ವೋಲ್ಟಿನದ್ದು ಬಂತು. ಎರಡಿದ್ದರೆ ಅವುಗಳಲ್ಲಿ ದುರ್ಬಲವಾದದ್ದೇ ಇಡೀ ಜೋಡಿಯ ಶಕ್ತಿಯನ್ನು ನಿರ್ಧರಿಸುತ್ತದೆ. ಒಂದನ್ನು ಮಾತ್ರ ಬದಲಿಸಿ ಹಳೆಯದನ್ನು ಉಳಿಸಿಕೊಳ್ಳುವುದು ಉಳಿತಾಯ ಅಲ್ಲವೇ ಅಲ್ಲ. ಮೊದಮೊದಲ ಎಂಜಿಬಿಗಳಲ್ಲಿ, 3.8 ಲೀಟರ್ ಜಾಗ್ವಾರ್ ಇ-ಟೈಪಿನಲ್ಲಿ ಪಾಸಿಟಿವ್ ಅರ್ತ್, ಅಂದರೆ ಪ್ಲಸ್ ಟರ್ಮಿನಲ್ಲನ್ನು ಕಾರಿನ ಲೋಹದ ಮೈಗೆ ಜೋಡಿಸಿರುತ್ತಾರೆ. ಹಿಂದಿನ ಮಾಲೀಕರು ಅದನ್ನು ಬದಲಿಸಿರಲೂಬಹುದು. ಕೇಬಲ್ ಎಲ್ಲಿಗೆ ಹೋಗಿದೆ ಎಂದು ಕಣ್ಣಾರೆ ನೋಡದೆ ಬ್ಯಾಟರಿ ಜೋಡಿಸಬಾರದು. ಕಾರಿನಲ್ಲಿ ಡೈನಮೋ ಬದಲು ಆಲ್ಟರ್ನೇಟರ್ ಇದ್ದು ನೀವು ಉಲ್ಟಾ ಕೊಟ್ಟರೆ ಅದರ ಡಯೋಡುಗಳು ಕ್ಷಣದಲ್ಲಿ ಹೋಗುತ್ತವೆ. ಪ್ಲಸ್ ಟರ್ಮಿನಲ್ ಯಾವ ಕಡೆ ಇದೆ, ಕೇಬಲ್ ಎಟುಕುತ್ತದೆಯೇ, ಬಾನೆಟ್ ಮುಚ್ಚಿದಾಗ ತಗಡು ಟರ್ಮಿನಲ್ಲಿಗೆ ತಗಲುತ್ತದೆಯೇ ಎಂಬುದನ್ನೂ ಮೊದಲೇ ಅಳೆಯಬೇಕು.

1989ರ ಮಜ್ದಾ ಎಂಎಕ್ಸ್-5 ಕೂಡ ಈಗ ಕ್ಲಾಸಿಕ್ ಸಾಲಿಗೆ ಸೇರಿದೆ. ಅದರ ಬ್ಯಾಟರಿ ಡಿಕ್ಕಿಯ ಮೂಲೆಯಲ್ಲಿದೆ, ಮುಂದಿನ ಭಾರ ಕಡಿಮೆಯಾಗಲಿ ಎಂದು. ಇಲ್ಲಿ ಅಪಾಯ ಗ್ಯಾಸಿನದ್ದು. ಚಾರ್ಜ್ ಆಗುವಾಗ ನೀರು ಒಡೆದು ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ಶೇಕಡಾ 4 ಆದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಗ್ಯಾಸನ್ನು ಹೊರಗೆ ಒಯ್ಯುವ ಸಣ್ಣ ಪೈಪು ಇರುತ್ತದೆ. ಆ ಪೈಪು ಸಿಕ್ಕಿಸಲು ತೂತಿಲ್ಲದ ಬ್ಯಾಟರಿಯನ್ನು ಡಿಕ್ಕಿಯಲ್ಲಿ ಇಡಲೇಬಾರದು, ಬೆಲೆ ಎಷ್ಟೇ ಕಡಿಮೆ ಇರಲಿ.

ಎಜಿಎಂ ಬ್ಯಾಟರಿ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಆಸಿಡ್ ಗಾಜಿನ ನಾರಿನ ಹಾಸಿನಲ್ಲಿ ಹೀರಿಕೊಂಡಿರುತ್ತದೆ, ಚೆಲ್ಲುವುದಿಲ್ಲ. ಹುಟ್ಟಿದ ಗ್ಯಾಸ್ ಬಹುಪಾಲು ಒಳಗೇ ಮತ್ತೆ ನೀರಾಗುತ್ತದೆ. ನಿಂತಲ್ಲೇ ಇಳಿಯುವ ಚಾರ್ಜ್ ಕೂಡ ಕಡಿಮೆ. ಆದರೆ ಅತಿಯಾಗಿ ಚಾರ್ಜ್ ಆದರೆ ವಾಲ್ವ್ ತೆರೆದು ಗ್ಯಾಸ್ ಹೊರಬೀಳುತ್ತದೆ, ಒಳಗೆ ಒಣಗುತ್ತದೆ, ನೀರು ಹಾಕಲು ದಾರಿಯಿಲ್ಲ. ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ಹಳೇ ಕಾರಿನ ಯಾಂತ್ರಿಕ ರೆಗ್ಯುಲೇಟರ್ ಹದ ತಪ್ಪಿ 15 ವೋಲ್ಟ್ ದಾಟುವುದು ಅಪರೂಪವೇನಲ್ಲ. ಆದ್ದರಿಂದ ಬ್ಯಾಟರಿ ಕೊಳ್ಳುವ ಮೊದಲು ಎಂಜಿನ್ ಸ್ವಲ್ಪ ವೇಗವಾಗಿ ಓಡಿಸಿ ವೋಲ್ಟೇಜ್ ಅಳೆಯಿರಿ. 13.8ರಿಂದ 14.5ರ ಒಳಗೆ ನಿಂತರೆ ಎಜಿಎಂ ಕೊಳ್ಳಬಹುದು. ಮೇಲೆ ಹೋದರೆ ಮೊದಲು ರೆಗ್ಯುಲೇಟರ್ ಸರಿಮಾಡಿಸಬೇಕು. ಡೈನಮೋ ಇರುವ ಕಾರಿಗೆ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕುವ ಸಾದಾ ಬ್ಯಾಟರಿಯೇ ನನ್ನ ಆಯ್ಕೆ.

ಲಿಥಿಯಂ? 2009ರಲ್ಲಿ ಪೋರ್ಷೆ ಕಂಪನಿ ತನ್ನ 911 ಜಿಟಿ3 ಕಾರಿಗೆ ಸುಮಾರು 6 ಕೆಜಿಯ ಲಿಥಿಯಂ ಸ್ಟಾರ್ಟರ್ ಬ್ಯಾಟರಿ ಕೊಡುವುದಾಗಿ ಹೇಳಿತು. ಸಾಮಾನ್ಯ ಬ್ಯಾಟರಿಗಿಂತ 10 ಕೆಜಿಗೂ ಹೆಚ್ಚು ಹಗುರ. ಚಳಿಗೆ ಬೇಕಾಗುತ್ತದೆಂದು ಜೊತೆಗೆ ಸೀಸದ್ದೊಂದನ್ನೂ ಕೊಡುತ್ತಿದ್ದರು! ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹ ಗ್ರಾಫೈಟ್ ಮೇಲೆ ಪದರವಾಗಿ ಕೂತು ಸೆಲ್ ಹಾಳಾಗುತ್ತದೆ. ವೋಲ್ಟೇಜ್ ಏರಿದರೆ ಒಳಗಿನ ರಕ್ಷಣಾ ಸರ್ಕ್ಯೂಟ್ ಬ್ಯಾಟರಿಯನ್ನು ಕಡಿದು ಹಾಕುತ್ತದೆ. ಓಡುತ್ತಿರುವ ಆಲ್ಟರ್ನೇಟರಿಗೆ ಅದು ದೊಡ್ಡ ಪೆಟ್ಟು. ರೇಸ್ ಟ್ರ್ಯಾಕಿಗೆ ಹೋಗುವ ಕಾರಿಗೆ ಸರಿ, ಹಳೇ ರೆಗ್ಯುಲೇಟರಿನ ಕಾರಿಗೆ ನಾನು ಒಪ್ಪುವುದಿಲ್ಲ.

ಯಾವುದನ್ನೇ ಕೊಂಡರೂ ತಯಾರಾದ ತಿಂಗಳು ನೋಡಿ. ಅಂಗಡಿಯಲ್ಲಿ ವರ್ಷ ಕೂತದ್ದರಲ್ಲಿ ಸಲ್ಫೇಟ್ ಆಗಲೇ ಶುರುವಾಗಿರಬಹುದು. ಆಮೇಲೆ ಸೇರಿಸಿದ ಅಲಾರಂ, ಸ್ಟೀರಿಯೊ ಸೇರಿ 50 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 1.2 ಆಂಪಿಯರ್-ಅವರ್ ಖರ್ಚು. 50 ಆಂಪಿಯರ್-ಅವರ್ ಬ್ಯಾಟರಿ ಮೂರು ವಾರದಲ್ಲಿ ಅರ್ಧ ಖಾಲಿ. ಕಾರು ನಿಲ್ಲಿಸುವಾಗ, ನಿಂತ ಬ್ಯಾಟರಿಯನ್ನು ತುಂಬಿದಂತೆಯೇ ಇಡುವ ಮೇಂಟೆನೆನ್ಸ್ ಚಾರ್ಜರ್ ಹಾಕಿ, ಇಲ್ಲವೇ ಅರ್ತ್ ಕೇಬಲ್ ಬಿಚ್ಚಿಡಿ. ಬಿಚ್ಚುವಾಗ ಅದು ಮೊದಲು, ಜೋಡಿಸುವಾಗ ಕೊನೆಗೆ. ಆಗ ಸ್ಪ್ಯಾನರ್ ಕಾರಿನ ಮೈಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಪಾಸಿಟಿವ್ ಅರ್ತ್ ಕಾರಿನಲ್ಲಿ ಮೊದಲು ಬಿಚ್ಚಬೇಕಾದದ್ದು ಪ್ಲಸ್ ಕೇಬಲ್.