ಅರ್ಧ ಇಂಚಿನ ನಲ್ಲಿಯಲ್ಲಿ ಅರ್ಧ ಇಂಚು ಎಲ್ಲಿದೆ?

ಚಿಕ್ಕಪ್ಪನ ಮಗ ಅಮೆರಿಕದಿಂದ ಬರುವಾಗ ನಮ್ಮ ಹಿತ್ತಲಿಗೆಂದು ಹಿತ್ತಾಳೆಯ ನಲ್ಲಿಯೊಂದನ್ನು ತಂದಿದ್ದ. ಅದೂ ಅರ್ಧ ಇಂಚು, ಗೋಡೆಯೊಳಗಿನ ಜಿಐ ಎಲ್ಬೋ (ಸತು ಲೇಪಿಸಿದ ಕಬ್ಬಿಣದ ಮೊಣಕೈ ಜೋಡಣೆ) ಕೂಡ ಅರ್ಧ ಇಂಚು. ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಬಿಗಿಯಾಯಿತು. "ಚೆನ್ನಾಗಿ ಹಿಡಿದುಕೊಂಡಿತು" ಎಂದರು ಪ್ಲಂಬರ್. ಬೆಳಿಗ್ಗೆ ನೋಡಿದರೆ ಕೆಳಗೆಲ್ಲ ಕೆಸರು. ನಲ್ಲಿ ಸೋರುವ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ, ನೀರನ್ನು ನೈಋತ್ಯದಲ್ಲಿಟ್ಟಿದ್ದೇ ತಪ್ಪು ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟರು. ಈಶಾನ್ಯಕ್ಕೆ ಒಯ್ದಿದ್ದರೂ ಅದು ಸೋರುತ್ತಿತ್ತು. ತಪ್ಪಿದ್ದದ್ದು ದಿಕ್ಕಲ್ಲ, ಐದು ಡಿಗ್ರಿ.

ಮೊದಲು ಅರ್ಧ ಇಂಚಿನ ವಿಚಾರ. ನಲ್ಲಿಯ ಥ್ರೆಡ್ಡಿಗೆ, ಅಂದರೆ ತಿರುಗಿಸಿ ಕೂರಿಸುವ ಸುತ್ತುಹಲ್ಲಿಗೆ, ಅಳತೆಪಟ್ಟಿ ಹಿಡಿದರೆ ಹೆಚ್ಚುಕಡಿಮೆ 21 ಮಿಲಿಮೀಟರ್ ತೋರಿಸುತ್ತದೆ, ಅಂದರೆ ಮುಕ್ಕಾಲು ಇಂಚಿಗೂ ಹೆಚ್ಚು! ಹಳೆಯ ಕಬ್ಬಿಣದ ಕೊಳವೆಗಳನ್ನು ಒಳಗಿನ ರಂಧ್ರದ ಅಳತೆಯಿಂದ ಕರೆಯುತ್ತಿದ್ದರು. ಆಮೇಲೆ ಕೊಳವೆಯ ಗೋಡೆ ತೆಳುವಾಯಿತು, ರಂಧ್ರ ಹಿಗ್ಗಿತು. ಥ್ರೆಡ್ ಇರುವುದು ಹೊರಮೈಯಲ್ಲಾದ್ದರಿಂದ ಅದನ್ನು ಯಾರೂ ಮುಟ್ಟಲಿಲ್ಲ. ಅಳತೆ ಹೋಯಿತು, ಹೆಸರು ಉಳಿಯಿತು.

ಇನ್ನು ಆ ಐದು ಡಿಗ್ರಿ. 1841ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ಜೋಸೆಫ್ ವಿಟ್‌ವರ್ತ್ ಬೇರೆ ಬೇರೆ ಕಾರ್ಖಾನೆಗಳ ತಿರುಪುಗಳನ್ನು ಕಲೆಹಾಕಿ, ಸರಾಸರಿ ತೆಗೆದು, ಹಲ್ಲಿನ ಎರಡು ಮುಖಗಳ ನಡುವಿನ ಕೋನ 55 ಡಿಗ್ರಿ ಇರಲಿ ಎಂದ. ನಮ್ಮ ಪೈಪುಗಳದು ಇಂದಿಗೂ ಅದೇ. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ ಹಲ್ಲನ್ನು ಕೊರೆಯುವುದೇ ಸುಲಭ ಎಂದು ವಾದಿಸಿದ. ಅಮೆರಿಕದ ಪೈಪುಗಳ ಹಲ್ಲೂ 60 ಡಿಗ್ರಿಯದು. ಆದರೆ ಅಲ್ಲೂ ಇಲ್ಲೂ ಅರ್ಧ ಇಂಚಿನ ಪೈಪಿಗೆ ಇಂಚಿಗೆ 14 ಹಲ್ಲು. ಮೋಸ ಇರುವುದೇ ಇಲ್ಲಿ. ಹಲ್ಲುಗಳ ಎಣಿಕೆ ಬೇರೆಯಿದ್ದಿದ್ದರೆ ನಲ್ಲಿ ಆರಂಭದಲ್ಲೇ ಮುನಿಸಿಕೊಳ್ಳುತ್ತಿತ್ತು. ಎಣಿಕೆ ಒಂದೇ ಆದ್ದರಿಂದ ಒಳಗೆ ಹೋಯಿತು, ಕೋನ ಬೇರೆಯಾದ್ದರಿಂದ ಹಲ್ಲಿಗೆ ಹಲ್ಲು ಪೂರ್ತಿ ಕೂರಲಿಲ್ಲ. (ಹೊಂದದ ಜೋಡಣೆ ಊರನ್ನೇ ಸುಟ್ಟದ್ದೂ ಇದೆ. 1904ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ಹೊತ್ತಿ ಉರಿಯುವಾಗ ನೆರೆಯೂರುಗಳಿಂದ ಓಡಿಬಂದ ಅಗ್ನಿಶಾಮಕ ದಳಗಳ ಎಷ್ಟೋ ಕೊಳವೆಗಳು ಅಲ್ಲಿನ ಹೈಡ್ರಂಟುಗಳಿಗೆ (ಬೆಂಕಿ ಆರಿಸಲು ಬೀದಿಯಲ್ಲಿಟ್ಟ ನೀರಿನ ಕೊಳಾಯಿಗಳಿಗೆ) ಕೂರಲೇ ಇಲ್ಲ. 1,500ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು.)

ಥ್ರೆಡ್ ನೀರನ್ನು ತಡೆಯುತ್ತದೆ ಎನ್ನುವುದೇ ತಪ್ಪು ತಿಳಿವಳಿಕೆ. ಥ್ರೆಡ್ ಹಿಡಿಯುತ್ತದೆ, ಅಷ್ಟೆ. ಗೋಳಗುಮ್ಮಟದ ಮೂಲೆಯ ಗೋಪುರದಲ್ಲಿ ಸುತ್ತಿಕೊಂಡು ಮೇಲೇರುವ ಮೆಟ್ಟಿಲಿದೆಯಲ್ಲ, ಹಲ್ಲಿನ ತುದಿಗೂ ಎದುರಿನ ಬುಡಕ್ಕೂ ನಡುವೆ ಅಂಥದೇ ಒಂದು ಸಂದು ಸುತ್ತಿ ಸುತ್ತಿ ಹೋಗುತ್ತದೆ. ಚಕ್ಕುಲಿಯನ್ನು ಬಿಚ್ಚಿ ಎಳೆದಂತೆ ಐದು ಸುತ್ತನ್ನು ನೇರ ಮಾಡಿದರೆ ಸುಮಾರು 30 ಸೆಂಟಿಮೀಟರ್ ಉದ್ದದ ಓಣಿ. ಓಣಿಗೆ ಬಾಗಿಲಿಲ್ಲ, ನೀರಿಗೆ ಅವಸರವೂ ಇಲ್ಲ. ಪ್ಲಂಬರ್ ಥ್ರೆಡ್ಡಿಗೆ ಸುತ್ತುವ ಟೆಫ್ಲಾನ್ ಟೇಪಿನ ಕೆಲಸ ಈ ಓಣಿಯಲ್ಲಿ ಮಣ್ಣು ತುಂಬುವುದು. ಹಿಂದೆ ಇದನ್ನೇ ಸಣಬಿನ ನಾರು ಮಾಡುತ್ತಿತ್ತು, ನೆನೆದು ಉಬ್ಬಿ. ಟೇಪನ್ನು ಅಂಟು ಎಂದುಕೊಂಡವರೇ ಹೆಚ್ಚು. 1938ರಲ್ಲಿ ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಫ್ರಿಜ್ಜಿನ ಅನಿಲಕ್ಕಾಗಿ ಪ್ರಯೋಗ ಮಾಡುವಾಗ ಅಕಸ್ಮಾತ್ತಾಗಿ ಸಿಕ್ಕ ಈ ವಸ್ತುವೇ ದೋಸೆಯ ನಾನ್‌ಸ್ಟಿಕ್ ಕಾವಲಿಯ ಮೇಲೂ ಇರುವುದು. ದೋಸೆಗೇ ಅಂಟದ್ದು ಹಿತ್ತಾಳೆಗೆ ಅಂಟೀತೇ?

ಥ್ರೆಡ್ಡಿನ ತುದಿಯನ್ನು ನಮ್ಮ ಕಡೆ ಹಿಡಿದು ಟೇಪನ್ನು ಪ್ರದಕ್ಷಿಣೆಯ ದಿಕ್ಕಿನಲ್ಲಿ ಸುತ್ತಬೇಕು; ಪುಣ್ಯಕ್ಕಲ್ಲ, ತಿರುಗಿಸುವಾಗ ಬಿಚ್ಚಿಕೊಳ್ಳದಿರಲಿ ಎಂದು. ವಾಷ್‌ಬೇಸಿನ್ನಿನ ಕನೆಕ್ಷನ್ ಪೈಪಿಗೆ ಮಾತ್ರ ಟೇಪು ದಂಡ. ಅಲ್ಲಿ ನೀರು ನಿಲ್ಲುವುದು ರಬ್ಬರ್ ವಾಷರಿನಿಂದ. ಬಿಗಿ ಮಾಡಿದಷ್ಟೂ ಒಳ್ಳೆಯದು ಎನ್ನುವವರಿಗೆ ಇನ್ನೊಂದು ಮಾತು: ಪೈಪಿನ ಥ್ರೆಡ್ 16 ಪಾಲು ಉದ್ದಕ್ಕೆ 1 ಪಾಲು ದಪ್ಪ ಇಳಿಯುವಂತೆ ಚೂಪಾಗುತ್ತ ಹೋಗುತ್ತದೆ. ಅದು ಬೆಣೆ. ಕೊರಡನ್ನು ಸೀಳುವ ಬೆಣೆಗೂ ಪ್ಲಾಸ್ಟಿಕ್ ಎಲ್ಬೋ ಸೀಳುವ ನಲ್ಲಿಗೂ ವ್ಯತ್ಯಾಸವಿಲ್ಲ.

ನಮ್ಮ ಪ್ಲಂಬರ್ ಇಪ್ಪತ್ತು ಸುತ್ತು ಟೇಪು ಹಾಕಿ ಸೋತರು. ಬೇಕಾಗಿದ್ದದ್ದು ಒಂದು ಕಡೆ 60, ಇನ್ನೊಂದು ಕಡೆ 55 ಡಿಗ್ರಿ ಇರುವ ಅಡಾಪ್ಟರ್. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಅದು ಸಿಗಲಿಲ್ಲ. ಅಮೆರಿಕದ ನಲ್ಲಿ ಈಗ ಷೋಕೇಸಿನಲ್ಲಿದೆ. ಹಿತ್ತಲಲ್ಲಿ ಊರಿನದೇ ನಲ್ಲಿ, ಅದೇ ನೈಋತ್ಯದಲ್ಲಿ, ಒಣಗಿದ ನೆಲದ ಮೇಲೆ.