ಬಾಳಿಕೆ: ಓಪಲ್ ಕಲ್ಲಿನ ನೆಪದಲ್ಲಿ ಒಂದು ಪದದ ವಿಚಾರ

ಒಡವೆಗಳಲ್ಲಿ ಕೂರಿಸುವ ಬಣ್ಣದಾಟದ ರತ್ನವಾದ ಓಪಲ್ ಕುರಿತ ಎರಡು ಮಾತುಗಳನ್ನು ಈಚೆಗೆ ತೀರ ಹೆಚ್ಚು ಸಲ ಓದಬೇಕಾಗಿ ಬಂದಿದೆ. ‘ಅಸಲಿ ಓಪಲ್, ಗಟ್ಟಿ ಕಲ್ಲು, ತಲೆಮಾರುಗಟ್ಟಲೆ ಬಾಳಿಕೆ ಬರುತ್ತದೆ’ ಎಂಬುದು ಒಂದು. ‘ಓಪಲ್ ಮೆದು ಕಲ್ಲು, ಬಾಳಿಕೆಯಿಲ್ಲ, ನೀರಿನಲ್ಲೇ ಇಡಬೇಕು’ ಎಂಬುದು ಇನ್ನೊಂದು. ಒಂದಕ್ಕೊಂದು ಎದುರಾಗಿ ನಿಂತ ಈ ಎರಡರಲ್ಲೂ ತಪ್ಪು ಒಂದೇ: ಬಾಳಿಕೆಯೆಂದರೆ ಗಡಸುತನವೆಂದು ಭಾವಿಸಿರುವುದು. ಅಡುಗೆಮನೆಯಲ್ಲಿ ನಾವು ಯಾರೂ ಈ ತಪ್ಪು ಮಾಡುವುದಿಲ್ಲ. ಗಾಜಿನ ಲೋಟ ಅಲ್ಯುಮಿನಿಯಂ ಲೋಟಕ್ಕಿಂತ ಎಷ್ಟೋ ಗಡಸು. ಗಾಜಿನ ಚೂರು ಅಲ್ಯುಮಿನಿಯಂ ಮೇಲೆ ಗೀರು ಮೂಡಿಸುತ್ತದೆ, ಅಲ್ಯುಮಿನಿಯಂ ಗಾಜಿನ ಮೇಲೆ ಮೂಡಿಸಲಾರದು. ಆದರೂ ಮಗುವಿನ ಕೈಗೆ ಯಾವ ಲೋಟ ಕೊಡಬೇಕೆಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಒಡವೆಯಂಗಡಿಗೆ ಕಾಲಿಟ್ಟೊಡನೆ ಈ ವಿವೇಕ ಎಲ್ಲಿ ಹೋಗುತ್ತದೋ ತಿಳಿಯದು.

ರತ್ನಗಳ ಬಾಳಿಕೆಯಲ್ಲಿ ಮೂರು ಗುಣಗಳು ಸೇರಿವೆ. ಗೀರಿಗೆ ಮಣಿಯದಿರುವುದು ಗಡಸುತನ; 1812ರಲ್ಲಿ ಫ್ರೀಡ್ರಿಕ್ ಮೋಹ್ಸ್ ರೂಪಿಸಿದ 1ರಿಂದ 10ರ ಮಾಪಕ ಅಳೆಯುವುದು ಇದೊಂದನ್ನೇ. ಪೆಟ್ಟಿಗೆ ಒಡೆಯದಿರುವುದು ತಾಳಿಕೆ. ಬಿಸಿ, ಬೆಳಕು, ತೇವ, ರಾಸಾಯನಿಕಗಳಿಂದ ಕೆಡದಿರುವುದು ಸ್ಥಿರತೆ. ವಜ್ರದ ಗಡಸುತನ 10, ಅದಕ್ಕಿಂತ ಮೇಲಿಲ್ಲ. ಆದರೆ ಸೀಳುವ ದಿಕ್ಕಿನಲ್ಲಿ ಬಿದ್ದ ಒಂದೇ ಪೆಟ್ಟಿಗೆ ಅದು ಎರಡಾಗುತ್ತದೆ. ನೆಫ್ರೈಟ್ ಜೇಡ್‌ನ ಗಡಸುತನ 6ರಿಂದ 6.5 ಮಾತ್ರ, ಆದರೆ ಅದರ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ನ್ಯೂಜಿಲೆಂಡಿನ ಮಾವೊರಿಗಳು ಅದರಿಂದ ಕಾಳಗದ ಗದೆಯನ್ನೇ ಮಾಡಿಕೊಂಡಿದ್ದರು. ‘ತಾಳಿದವನು ಬಾಳಿಯಾನು’ ಎಂಬ ಗಾದೆ ತಾಳಿಕೆಯನ್ನೂ ಬಾಳಿಕೆಯನ್ನೂ ಜೊತೆಗಿಟ್ಟಿದೆ, ಗಡಸನ್ನು ಹೆಸರಿಸಿಯೇ ಇಲ್ಲ ಎಂಬುದನ್ನು ಗಮನಿಸಬೇಕು.

ಈಗ ಓಪಲ್ ಎಂಬ ಹೆಸರಿನ ವಿಚಾರ. ಲ್ಯಾಟಿನ್ನಿನ ‘ಓಪಲಸ್’, ಗ್ರೀಕಿನ ‘ಓಪಲ್ಲಿಯೋಸ್’ಗಳ ಹಿಂದೆ ಇರುವುದು ಸಂಸ್ಕೃತದ ‘ಉಪಲ’ ಎಂಬುದು ನಿಘಂಟುಕಾರರಲ್ಲಿ ಹೆಚ್ಚಿನವರ ಅಭಿಪ್ರಾಯ. ಇದನ್ನು ನೈದಿಲೆಯ ಅರ್ಥದ ‘ಉತ್ಪಲ’ದೊಂದಿಗೆ ಗಂಟುಹಾಕಬಾರದು. ಉಪಲವೆಂದರೆ ಬರಿಯ ಕಲ್ಲು. ಚಂದ್ರೋಪಲವೆಂದರೆ ಚಂದ್ರಕಾಂತ ಶಿಲೆ. ಕೆಮ್ಮಿಗೆ ಜೇನಿನಲ್ಲಿ ಕಲಸಿ ನೆಕ್ಕುವ ಸಿತೋಪಲಾದಿ ಚೂರ್ಣದಲ್ಲಿಯೂ ಇದೇ ಉಪಲ ಕುಳಿತಿದೆ: ಸಿತೋಪಲವೆಂದರೆ ಬಿಳಿಯ ಕಲ್ಲು, ಅಂದರೆ ಕಲ್ಲುಸಕ್ಕರೆ. ವೈದಿಕ ಕರ್ಮಗಳಲ್ಲಿ ಧಾನ್ಯ ಅರೆಯಲು ಬಳಸುವ ಜೋಡಿಗಲ್ಲುಗಳ ಹೆಸರು ದೃಷದ್ ಮತ್ತು ಉಪಲಾ; ಕೆಳಗಿನದು ದೃಷದ್, ಕೈಯಲ್ಲಿ ಹಿಡಿದು ಅರೆಯುವ ಮೇಲಿನದು ಉಪಲಾ. ಹೀಗೆ ಅರೆಯುವ ಕಲ್ಲಿಗೆ ಸಲ್ಲುತ್ತಿದ್ದ ಹೆಸರು, ಅರೆಯುವ ಕಲ್ಲಿನ ಹತ್ತಿರವೂ ಸುಳಿಯಬಾರದ ರತ್ನಕ್ಕೆ ಅಂಟಿಕೊಂಡಿತು. ಪ್ರಾಚೀನ ರೋಮಿನ ಲೇಖಕ ಪ್ಲಿನಿ ಓಪಲ್‌ಗಳ ತವರು ಭಾರತವೆಂದೇ ಬರೆದಿದ್ದಾನೆ. ಆದರೆ ಯುರೋಪಿಗೆ ಶತಮಾನಗಳ ಕಾಲ ಓಪಲ್ ಒದಗಿಸಿದ್ದು ಇಂದಿನ ಸ್ಲೊವಾಕಿಯಾದ ದುಬ್ನಿಕ್ ಗಣಿಗಳು. ಹೆಸರು ಭಾರತದ್ದಾದ ಮಾತ್ರಕ್ಕೆ ಕಲ್ಲೂ ಭಾರತದ್ದಾಗಬೇಕಿಲ್ಲ.

ಸಿಲಿಕಾ ಮತ್ತು ನೀರು ಸೇರಿದ, ಸ್ಫಟಿಕ ರಚನೆಯಿಲ್ಲದ ವಸ್ತು ಓಪಲ್. ರತ್ನದರ್ಜೆಯ ಓಪಲ್‌ನ ತೂಕದಲ್ಲಿ ನೀರು ಸಾಮಾನ್ಯವಾಗಿ ಶೇ. 3ರಿಂದ 10ರಷ್ಟಿರುತ್ತದೆ. ಸುಮಾರು 150ರಿಂದ 300 ನ್ಯಾನೊಮೀಟರ್ ಗಾತ್ರದ ಸಿಲಿಕಾ ಗೋಲಿಗಳು ಸಾಲುಸಾಲಾಗಿ ಜೋಡಿಸಿಕೊಂಡು ಬೆಳಕನ್ನು ಬಣ್ಣಗಳಾಗಿ ಒಡೆಯುತ್ತವೆ ಎಂಬುದನ್ನು 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೋರಿಸಿದರು. ಇದರ ಗಡಸುತನ 5ರಿಂದ 6.5, ಹೆಚ್ಚುಕಡಿಮೆ ಕಿಟಕಿಯ ಗಾಜಿನಷ್ಟು. ಮನೆಯ ಧೂಳಿನಲ್ಲಿ ಇರುವ ಕ್ವಾರ್ಟ್ಜ್ ಕಣಗಳ ಗಡಸುತನ 7. ಆದ್ದರಿಂದ ಧೂಳು ಕೂತ ಓಪಲ್ ಅನ್ನು ಒಣಬಟ್ಟೆಯಿಂದ ಉಜ್ಜುವವರು ಅದನ್ನು ಉಪ್ಪುಕಾಗದದಿಂದ ತಿಕ್ಕಿದಂತೆಯೇ ಸರಿ. ಬೆಳ್ಳಿ ಹೊಳೆಯಿಸುವ ವಿಭೂತಿ, ಟೂತ್‌ಪೇಸ್ಟ್‌ಗಳ ಮಾತಂತೂ ಬೇಡವೇ ಬೇಡ. ತಾಳಿಕೆಯೂ ಕಡಿಮೆ: ವಜ್ರದಂತೆ ಸೀಳದಿದ್ದರೂ ಗಾಜಿನಂತೆ ಚಕ್ಕೆ ಏಳುತ್ತದೆ. ಹಠಾತ್ತನೆ ಬಿಸಿಯಿಂದ ತಂಪಿಗೆ, ತಂಪಿನಿಂದ ಬಿಸಿಗೆ ಹೋದರೆ ಬಿರುಕು ಬಿಡುವುದೂ ಉಂಟು. ಆದುದರಿಂದ ಉಂಗುರಕ್ಕೆ ಬೆಸುಗೆ ಹಾಕಿಸುವ ಮೊದಲು ಅಕ್ಕಸಾಲಿಗನಿಗೆ ಹೇಳಿ ಕಲ್ಲನ್ನು ಬಿಚ್ಚಿಸಬೇಕು. ಒಡವೆ ತೊಳೆಯುವ ಹಬೆಯ ಯಂತ್ರವನ್ನೂ ಅಲ್ಟ್ರಾಸಾನಿಕ್ ತೊಟ್ಟಿಯನ್ನೂ ದೂರವಿಡಬೇಕು.

ಸ್ಥಿರತೆಯ ಪ್ರಶ್ನೆಗೆ ಮಾತ್ರ ‘ಓಪಲ್’ ಎಂಬ ಒಂದೇ ಹೆಸರಿಟ್ಟುಕೊಂಡು ಉತ್ತರ ಹೇಳಲಾಗದು, ಊರು ಕೇಳಬೇಕು. ಲೈಟ್ನಿಂಗ್ ರಿಡ್ಜ್, ಕೂಬರ್ ಪೀಡಿಗಳ ಆಸ್ಟ್ರೇಲಿಯನ್ ಓಪಲ್ ದಿನಬಳಕೆಯಲ್ಲಿ ನೀರನ್ನು ಹೀರುವುದೂ ಇಲ್ಲ, ಬಿಡುವುದೂ ಇಲ್ಲ ಎನ್ನಬಹುದು. ಅದನ್ನು ಬಟ್ಟಲು ನೀರಿನಲ್ಲಿ ಮುಳುಗಿಸಿಡುವುದರಿಂದ ಹಾನಿಯಿಲ್ಲ, ಪ್ರಯೋಜನವೂ ಇಲ್ಲ. ಎಣ್ಣೆ ಒಳಗಿಳಿಯದೆ ಮೇಲೆಯೇ ಜಿಡ್ಡಾಗಿ ಕೂರುತ್ತದೆ. ಬಿರುಕು ಬಿಡುವ ಸ್ವಭಾವದ ಕಲ್ಲು ಹೆಚ್ಚಾಗಿ ನೆಲದಿಂದ ಹೊರಬಂದು ಒಣಗುವಾಗಲೇ ಬಿಡುತ್ತದೆ. ಎಚ್ಚರವುಳ್ಳವರು ಅದನ್ನು ತಿಂಗಳುಗಟ್ಟಲೆ ಒಣಗಲು ಬಿಟ್ಟು ನೋಡಿದ ಮೇಲೆಯೇ ಸಾಣೆ ಹಿಡಿಯುತ್ತಾರೆ. ನೀರಿನಲ್ಲಿಡುವ ಮಾತಿಗೆ ಎಲ್ಲಾದರೂ ಆಧಾರವಿದ್ದರೆ ಅದು ಅಮೆರಿಕದ ನೆವಾಡಾದಲ್ಲಿ, ಒಣಗಿದೊಡನೆ ಬಿರುಕುಬಲೆ ಹರಡಿಕೊಳ್ಳುವ ವರ್ಜಿನ್ ವ್ಯಾಲಿಯ ಕಲ್ಲುಗಳಲ್ಲಿ. ಅವುಗಳಿಗೆ ಹೇಳಿದ ಪಥ್ಯವನ್ನು ಎಲ್ಲ ಓಪಲ್‌ಗಳಿಗೂ ಮಾಡಿಸಬೇಕಾಗಿಲ್ಲ.

ಇಥಿಯೋಪಿಯಾದ ವೆಲೊ ಪ್ರಾಂತ್ಯದ ಓಪಲ್ ಇದಕ್ಕೆ ವಿರುದ್ಧ. 2008ರಲ್ಲಿ ಬೆಳಕಿಗೆ ಬಂದ ಈ ಕಲ್ಲುಗಳಲ್ಲಿ ಹೆಚ್ಚಿನವು ನೀರು ಹೀರುವ ಜಾತಿಯವು, ಹೈಡ್ರೋಫೇನ್ ಎನಿಸಿಕೊಂಡವು. ಒದ್ದೆಯಾದರೆ ಪಾರದರ್ಶಕವಾಗಿ ಬಣ್ಣದಾಟ ಮಂಕಾಗುತ್ತದೆ. ನಿಧಾನವಾಗಿ ಒಣಗಲು ಬಿಟ್ಟರೆ ಸಾಮಾನ್ಯವಾಗಿ ಮರಳುತ್ತದೆ. ನೀರಾದರೆ ಆರಿ ಹೋಗುತ್ತದೆ, ಎಣ್ಣೆ, ಅತ್ತರು, ಬಣ್ಣಗಳು ಆರುವುದಿಲ್ಲ. ಇಲ್ಲಿ ನಮ್ಮವರಿಗೆ ಒಂದು ಮಾತು ಹೇಳಲೇಬೇಕಾಗಿದೆ. ವಜ್ರ ಕೊಳ್ಳಲಾಗದವರು ಶುಕ್ರನ ಉಪರತ್ನವೆಂದು ಓಪಲ್ ಧರಿಸುವಾಗ ಅದನ್ನು ಹಾಲಿನಲ್ಲಿ, ಪಂಚಾಮೃತದಲ್ಲಿ ಅದ್ದಿ ಶುದ್ಧಿ ಮಾಡುವ ಪದ್ಧತಿಯಿದೆ. ಕಲ್ಲು ಚರ್ಮಕ್ಕೆ ತಾಗಬೇಕೆಂದು ಉಂಗುರದ ತಳವನ್ನೂ ತೆರೆದಿಡಿಸುತ್ತಾರೆ. ಮಾಣಿಕ್ಯ, ನೀಲಗಳಿಗೆ ಇದರಿಂದ ಏನೂ ಆಗದು. ವೆಲೊ ಓಪಲ್ ಮಾತ್ರ ತುಪ್ಪದ ಜಿಡ್ಡನ್ನು ರಂಧ್ರಗಳೊಳಗೆ ಎಳೆದುಕೊಳ್ಳಬಲ್ಲದು, ಮುಂದೆ ಹಳದಿ ತಿರುಗಲೂಬಹುದು. ಶ್ರದ್ಧೆಯ ಬಗ್ಗೆ ನನ್ನ ತಕರಾರಿಲ್ಲ. ಉಂಗುರದ ಲೋಹಕ್ಕೆ ಎರಡು ಹನಿ ಪ್ರೋಕ್ಷಿಸಿದರೂ ಶಾಸ್ತ್ರ ಸಲ್ಲುತ್ತದೆಯೇ ಎಂದು ಪುರೋಹಿತರನ್ನು ಕೇಳಬಹುದಲ್ಲವೇ?

ಡಬ್ಲೆಟ್, ಟ್ರಿಪ್ಲೆಟ್‌ಗಳಲ್ಲಿ ಓಪಲ್ ಬರಿಯ ಒಂದು ತೆಳುಪದರ. ಅದನ್ನು ಅಂಟಿನಿಂದ ಹಿಂಬದಿಗೆ ಕೂಡಿಸಿರುತ್ತಾರೆ, ಟ್ರಿಪ್ಲೆಟ್ ಆದರೆ ಮೇಲೊಂದು ಪಾರದರ್ಶಕ ಮುಚ್ಚಳವೂ ಇರುತ್ತದೆ. ಇವುಗಳ ಬಾಳಿಕೆಯೆಂದರೆ ಅಂಟಿನ ಬಾಳಿಕೆ. ನೀರು ಅಂಚಿನಿಂದ ಒಳಸೇರಿದರೆ ಬೂದುಮಂಜು ಕವಿಯುತ್ತದೆ. ಒದ್ದೆಬಟ್ಟೆಯಿಂದ ಮೆಲ್ಲಗೆ ಒರೆಸಬಹುದು, ನೆನೆಹಾಕುವಂತಿಲ್ಲ. ಇಡಿಯ ಆಸ್ಟ್ರೇಲಿಯನ್ ಕಲ್ಲಿಗಾದರೆ ಉಗುರುಬೆಚ್ಚನೆಯ ಸಾಬೂನು ನೀರು ಮತ್ತು ಮೆತ್ತನೆಯ ಬಟ್ಟೆ ಸಾಕು. ಪಾತ್ರೆ ತಿಕ್ಕುವ ಕೈಗೆ ಓಪಲ್ ಉಂಗುರ ಹೊಂದುವುದಿಲ್ಲ. ಅದೇ ಕಲ್ಲನ್ನು ಪೆಟ್ಟು ತಾಗದ ಓಲೆಗೋ ಪದಕಕ್ಕೋ ಕೂರಿಸಿದರೆ ‘ಮೆದು ಕಲ್ಲು’ ಎನಿಸಿಕೊಂಡದ್ದೇ ಮೊಮ್ಮಗಳ ಕಿವಿಗೂ ದಾಟುತ್ತದೆ.