ಗ್ಲೆನ್ ರಾಯ್ ಕಣಿವೆಯ ಮೂರು ಸಮಾಂತರ ದಾರಿಗಳು: ಅನುಕ್ರಮವನ್ನು ಬಿಡಿಸಿಕೊಳ್ಳಲು ಒಂದು ಅಧ್ಯಯನ ಟಿಪ್ಪಣಿ

ಸ್ಕಾಟ್‌ಲೆಂಡಿನ ಪಶ್ಚಿಮ ಹೈಲ್ಯಾಂಡ್ಸ್ ಪ್ರದೇಶದಲ್ಲಿ, ಬೆನ್ ನೆವಿಸ್ ಬೆಟ್ಟದ ಈಶಾನ್ಯಕ್ಕೆ, ರಾಯ್‌ಬ್ರಿಜ್ ಎಂಬ ಸಣ್ಣ ಹಳ್ಳಿಯಿದೆ. ಈಶಾನ್ಯದ ಬೆಟ್ಟಗಳಿಂದ ಇಳಿದುಬರುವ ರಾಯ್ ನದಿಯು, ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ಸ್ಪಿಯನ್ ನದಿಯನ್ನು ಸೇರುವುದು ಇಲ್ಲಿ. ಊರಿನಿಂದ ಒಂದು ಕಿರಿದಾದ ರಸ್ತೆ ರಾಯ್ ನದಿಯ ಜೊತೆಗೇ ಮೇಲಕ್ಕೆ ಸಾಗುತ್ತದೆ; ಆ ಕಣಿವೆಯೇ ಗ್ಲೆನ್ ರಾಯ್. ಹಿಮನದಿಗಳ ಅಧ್ಯಾಯವನ್ನು ಓದುವವರಿಗೆ ಈ ಹೆಸರು ಒಂದಲ್ಲ ಒಂದು ಕಡೆ ಎದುರಾಗುತ್ತದೆ, ಆದರೆ ಹೆಚ್ಚಿನ ಪಠ್ಯಗಳು ‘ಹಿಮ ತಡೆದ ಸರೋವರದ ತೀರರೇಖೆಗಳು’ ಎಂಬ ಒಂದೇ ಮಾತಿನಲ್ಲಿ ವಿಷಯವನ್ನು ಮುಗಿಸಿಬಿಡುತ್ತವೆ. ತೀರರೇಖೆಗಳು ಮೂರೇ ಏಕೆ, ಅವು ಆ ನಿರ್ದಿಷ್ಟ ಎತ್ತರಗಳಲ್ಲೇ ಏಕೆ ಇವೆ, ಮತ್ತು ಅವುಗಳಲ್ಲಿ ಮೊದಲನೆಯದು ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಆ ಒಂದು ಮಾತಿನಲ್ಲಿ ಉತ್ತರವಿಲ್ಲ. ಈ ಟಿಪ್ಪಣಿ ಮುಖ್ಯವಾಗಿ ಆ ಮೂರನ್ನು ಕುರಿತದ್ದು.

ಕಣ್ಣಿಗೆ ಕಾಣುವುದೇನು

ಕಣಿವೆಯ ಎರಡೂ ಬದಿಯ ಇಳಿಜಾರುಗಳ ಮೇಲೆ, ಒಂದರ ಕೆಳಗೊಂದು, ಮೂರು ಸಮತಲ ಗೆರೆಗಳು ಕಾಣುತ್ತವೆ. ಸಮುದ್ರಮಟ್ಟದಿಂದ ಅವುಗಳ ಎತ್ತರ ಸುಮಾರು 350, 325 ಮತ್ತು 260 ಮೀಟರ್. ಎಡಬದಿಯ ಗೆರೆಗೂ ಬಲಬದಿಯ ಗೆರೆಗೂ ಎತ್ತರದಲ್ಲಿ ಹೊಂದಾಣಿಕೆಯಿದೆ. ಬೆಟ್ಟ ಒಳಸರಿದ ಕಡೆ ಗೆರೆಯೂ ಒಳಸರಿಯುತ್ತದೆ, ಚಾಚಿದ ಕಡೆ ಚಾಚುತ್ತದೆ. ಭೂಪಟದ ಸಮೋನ್ನತಿ ರೇಖೆಗಳನ್ನು ಯಾರೋ ನೆಲದ ಮೇಲೆಯೇ ಎಳೆದಂತೆ ತೋರುತ್ತದೆ. ದೂರದಿಂದ ನೋಡಿದರೆ ಕಡಿದು ಮಾಡಿದ ರಸ್ತೆಗಳೆಂದೇ ಅನ್ನಿಸುವುದರಿಂದ, ಇವು ಪುರಾಣವೀರ ಫಿಂಗಲ್ ಮತ್ತು ಅವನ ಸಂಗಡಿಗರು ಬೇಟೆಗಾಗಿ ಮಾಡಿಕೊಂಡ ದಾರಿಗಳು ಎಂಬ ಐತಿಹ್ಯ ಹುಟ್ಟಿತು; ‘ಸಮಾಂತರ ದಾರಿಗಳು’ ಎಂಬ ಹೆಸರೂ ಹಾಗೆಯೇ ಉಳಿದುಕೊಂಡಿತು.

ಹತ್ತಿರ ಹೋದಾಗ ಚಿತ್ರ ಬೇರೆಯಾಗುತ್ತದೆ. ದಾರಿ ಎಂದು ಕಂಡದ್ದು ಹುಲ್ಲು ಮತ್ತು ಹೀದರ್ ಗಿಡ ಮುಚ್ಚಿರುವ ಒಂದು ಅಂಚು, ಅಗಲ ಬಹಳ ಕಡೆ ಹತ್ತು ಮೀಟರಿನ ಆಸುಪಾಸು. ಅದು ಚಪ್ಪಟೆಯಾಗಿಯೂ ಇಲ್ಲ: ಕಣಿವೆಯ ಕಡೆಗೆ ವಾಲಿಕೊಂಡಿದೆ, ಆದರೆ ಅದರ ಮೇಲಿನ ಮತ್ತು ಕೆಳಗಿನ ಬೆಟ್ಟದ ಇಳಿಜಾರು ಅದಕ್ಕಿಂತ ಕಡಿದಾಗಿರುವುದರಿಂದ ಕಣ್ಣು ಅದನ್ನು ಮಟ್ಟಸವೆಂದು ಗ್ರಹಿಸುತ್ತದೆ. ಅಂಚಿನ ಒಳಭಾಗವನ್ನು ಹಲವೆಡೆ ಬಂಡೆಯಲ್ಲೇ ಕೊರೆಯಲಾಗಿದೆ, ಹೊರಭಾಗ ಹಾಗೆ ಕೊರೆದು ಬಂದ ಕಲ್ಲುಮಣ್ಣಿನಿಂದ ಆಗಿದೆ. ಸರೋವರದ ಅಲೆಗಳ ಹೊಡೆತ ಮತ್ತು ತೀರದಲ್ಲಿ ನೀರು ಮತ್ತೆ ಮತ್ತೆ ಹೆಪ್ಪುಗಟ್ಟಿ ಕರಗಿ ಬಂಡೆಯನ್ನು ಸೀಳಿದ ಕ್ರಿಯೆ, ಇವೆರಡೂ ಸೇರಿ ಈ ಕೆಲಸ ಮಾಡಿದವು.

ಮೊದಲ ಸೂತ್ರ: ಎತ್ತರವನ್ನು ನಿರ್ಧರಿಸುವುದು ಏರಿಯಲ್ಲ, ಕೋಡಿ

ಹಿಮ ನೀರನ್ನು ತಡೆಯಿತು ಎಂದೊಡನೆ, ಹಿಮದ ಎತ್ತರವೇ ಸರೋವರದ ಮಟ್ಟವನ್ನು ನಿರ್ಧರಿಸಿತು ಎಂದು ಮನಸ್ಸು ತಾನಾಗಿ ಭಾವಿಸಿಕೊಳ್ಳುತ್ತದೆ. ಹಾಗಿದ್ದರೆ ಹಿಮ ಕರಗಿ ತಗ್ಗಿದಂತೆ ನೀರೂ ದಿನೇದಿನೇ ತಗ್ಗುತ್ತಾ ಹೋಗಬೇಕಿತ್ತು. ಬೆಟ್ಟದ ಮೇಲೆ ಮೂರು ಸ್ಪಷ್ಟ ಗೆರೆಗಳ ಬದಲು ಮಸುಕಾದ ನೂರಾರು ಗೆರೆಗಳಿರಬೇಕಿತ್ತು. ನಮ್ಮ ಕೆರೆಗಳನ್ನು ನೆನೆದರೆ ಈ ತೊಡಕು ಬಿಡುತ್ತದೆ. ಕೆರೆಯ ಏರಿ ಎಷ್ಟೇ ಎತ್ತರವಿರಲಿ, ನೀರು ನಿಲ್ಲುವುದು ಕೋಡಿಯ ಮಟ್ಟದವರೆಗೆ ಮಾತ್ರ. ಹೆಚ್ಚಾದದ್ದು ಕೋಡಿ ಹರಿದುಹೋಗುತ್ತದೆ. ಗ್ಲೆನ್ ರಾಯ್‌ನಲ್ಲಿ ಏರಿ ಎಂದರೆ ಹಿಮನದಿ, ಕೋಡಿ ಎಂದರೆ ಬೆಟ್ಟಸಾಲಿನಲ್ಲಿರುವ ಬಂಡೆಯ ತಗ್ಗು. ಏರಿ ಬೆಳೆಯಬಹುದು, ಕುಗ್ಗಬಹುದು, ಮುಂದೆ ಸರಿಯಬಹುದು. ಬಂಡೆಯ ತಗ್ಗು ಮಾತ್ರ ಕದಲುವುದಿಲ್ಲ. ಆದುದರಿಂದಲೇ ನೀರು ತಲೆಮಾರುಗಟ್ಟಲೆ ಒಂದೇ ಮಟ್ಟದಲ್ಲಿ ನಿಂತು ಬೆಟ್ಟವನ್ನು ಕೊರೆಯಲು ಸಾಧ್ಯವಾಯಿತು.

ಇನ್ನು ಭೂಪಟದಲ್ಲಿ ಮೂರು ಕೋಡಿಗಳನ್ನು ಹುಡುಕಬೇಕು. ಗ್ಲೆನ್ ರಾಯ್‌ನ ತಲೆಭಾಗದಲ್ಲಿ, ಸ್ಪೇ ನದಿಯ ಉಗಮದ ಕಡೆಗೆ ದಾಟುವ ತಗ್ಗು ಸುಮಾರು 350 ಮೀಟರಿನಲ್ಲಿದೆ. ಗ್ಲೆನ್ ರಾಯ್‌ನ ಕೆಳಭಾಗದಿಂದ ಪೂರ್ವಕ್ಕೆ ಕವಲೊಡೆಯುವ ಗ್ಲೆನ್ ಗ್ಲಾಸ್ಟರ್ ಎಂಬ ಸಣ್ಣ ಕಣಿವೆಯ ತುದಿಯಲ್ಲಿ, ಲಾಖ್ ಲಗ್ಗನ್ ಸರೋವರದ ಕಡೆಗೆ ತೆರೆಯುವ ಇನ್ನೊಂದು ತಗ್ಗು ಸುಮಾರು 325 ಮೀಟರಿನಲ್ಲಿದೆ. ಮೂರನೆಯದು ಗ್ಲೆನ್ ರಾಯ್‌ನಲ್ಲಿ ಇಲ್ಲವೇ ಇಲ್ಲ. ಸ್ಪಿಯನ್ ಕಣಿವೆಯ ಪೂರ್ವ ತುದಿಯಾಚೆ, ಲಾಖ್ ಲಗ್ಗನ್ ಅನ್ನೂ ದಾಟಿದ ಮೇಲೆ, ಫೇಗರ್ ಎಂಬಲ್ಲಿ ಸುಮಾರು 260 ಮೀಟರಿನಲ್ಲಿದೆ, ಮತ್ತು ಅದೂ ಸ್ಪೇ ನದಿಯ ಕಡೆಗೇ ತೆರೆಯುತ್ತದೆ. ದಾರಿಗಳ ಎತ್ತರಗಳ ಪಕ್ಕದಲ್ಲಿ ಈ ಮೂರು ಅಂಕೆಗಳನ್ನು ಬರೆದುಕೊಂಡರೆ ಪಾಠದ ಅರ್ಧಭಾಗ ಕೈಗೆ ಬಂದಂತೆ. ದಾರಿಗಳ ನಡುವಿನ ಅಂತರ ಒಂದೆಡೆ 25 ಮೀಟರ್, ಇನ್ನೊಂದೆಡೆ 65 ಮೀಟರ್ ಆಗಿರುವುದರ ಹಿಂದೆ ಹವಾಮಾನದ ಲೆಕ್ಕಾಚಾರವೇನೂ ಇಲ್ಲ. ಬೆಟ್ಟಸಾಲಿನ ತಗ್ಗುಗಳು ಆ ಎತ್ತರಗಳಲ್ಲಿವೆ, ಅಷ್ಟೇ.

ಅನುಕ್ರಮ: ಹೆಚ್ಚು ತೊಡಕಿನ ಹಂತ

ಹೆಚ್ಚು ಕಾಲ ಬೇಡುವ ಹಂತ ಇದು. ಮೇಲಿನ ದಾರಿ ಮೊದಲು, ನಡುವಿನದು ಆಮೇಲೆ, ಕೆಳಗಿನದು ಕೊನೆಗೆ ಎಂದು ಓದಿಕೊಂಡರೆ ಕಥೆಯ ಎರಡನೆಯ ಅರ್ಧ ಮಾತ್ರ ಸಿಗುತ್ತದೆ. ಸರೋವರ ಖಾಲಿಯಾದದ್ದು ಹಾಗೆ. ತುಂಬಿದ್ದು ಹೇಗೆ ಎಂಬುದನ್ನು ಬೇರೆಯಾಗಿಯೇ ಕೇಳಿಕೊಳ್ಳಬೇಕು.

ಕಾಲ ಸುಮಾರು 12,900ರಿಂದ 11,700 ವರ್ಷಗಳ ಹಿಂದಿನದು. ಕೊನೆಯ ಹಿಮಯುಗದ ದೊಡ್ಡ ಹಿಮಹಾಳೆ ಕರಗಿಹೋದ ಬಳಿಕ ಚಳಿ ಮತ್ತೊಮ್ಮೆ ಮರಳಿ, ಪಶ್ಚಿಮ ಹೈಲ್ಯಾಂಡ್ಸ್‌ನಲ್ಲಿ ಹಿಮನದಿಗಳು ಹೊಸದಾಗಿ ಬೆಳೆದ ಅವಧಿ. ಬ್ರಿಟನ್ನಿನಲ್ಲಿ ಇದನ್ನು ಲಾಖ್ ಲೊಮಂಡ್ ಹಂತ ಎನ್ನುತ್ತಾರೆ. ಇಲ್ಲಿ ನೆನಪಿಡಬೇಕಾದದ್ದು ದಿಕ್ಕು: ಹಿಮ ಬಂದದ್ದು ಕಣಿವೆಯ ತಲೆಯಿಂದ ಅಲ್ಲ, ಬಾಯಿಯ ಕಡೆಯಿಂದ. ಪಶ್ಚಿಮದ ಗ್ರೇಟ್ ಗ್ಲೆನ್ ಎಂಬ ದೊಡ್ಡ ಕಣಿವೆಯ ಕಡೆಯಿಂದಲೂ ದಕ್ಷಿಣದ ಲಾಖ್ ಟ್ರೀಗ್ ಸರೋವರದ ಕಡೆಯಿಂದಲೂ ಬಂದ ಹಿಮನದಿಗಳು ಸ್ಪಿಯನ್ ಕಣಿವೆಯೊಳಗೆ ನುಗ್ಗಿದವು. ನದಿಗಳು ಸಾಮಾನ್ಯವಾಗಿ ಹರಿದುಹೋಗುವ ದಿಕ್ಕಿಗೇ ಬಾಗಿಲು ಹಾಕಿದಂತಾಯಿತು.

ಮೊದಲ ಹಂತದಲ್ಲಿ ಹಿಮವು ಸ್ಪಿಯನ್ ಕಣಿವೆಯ ಕೆಳಭಾಗವನ್ನು ಮಾತ್ರ ಮುಚ್ಚಿತ್ತು. ರಾಯ್ ಮತ್ತು ಸ್ಪಿಯನ್ ಎರಡೂ ಕಣಿವೆಗಳ ನೀರು ಒಂದೇ ಸರೋವರವಾಗಿ ನಿಂತು, ಆ ಇಡೀ ಪ್ರದೇಶದಲ್ಲಿ ಸಿಕ್ಕ ಅತಿ ತಗ್ಗಿನ ಕೋಡಿಯಾದ ಫೇಗರ್‌ನಿಂದ ಹೊರಬಿತ್ತು. ಮಟ್ಟ 260 ಮೀಟರ್. ಎಂದರೆ, ಮೊದಲು ಕೊರೆಯಲು ತೊಡಗಿದ್ದು ಅತಿ ಕೆಳಗಿನ ದಾರಿಯನ್ನು.

ಎರಡನೆಯ ಹಂತದಲ್ಲಿ ಹಿಮ ಇನ್ನೂ ಮುಂದೊತ್ತಿ ಗ್ಲೆನ್ ರಾಯ್‌ನ ಬಾಯಿಯನ್ನೇ ಮುಚ್ಚಿತು. ಈಗ ರಾಯ್ ಕಣಿವೆಯ ನೀರು ಸ್ಪಿಯನ್ ಕಣಿವೆಯ ನೀರಿನಿಂದ ಬೇರ್ಪಟ್ಟಿತು, ಹಾಗಾಗಿ ಫೇಗರ್ ಕೋಡಿ ಅದಕ್ಕೆ ನಿಲುಕದಾಯಿತು. ನೀರು ಏರುತ್ತಾ ಹೋಗಿ, ತನ್ನ ಪಾಲಿಗೆ ಉಳಿದ ಅತಿ ತಗ್ಗಿನ ಜಾಗವಾದ ಗ್ಲೆನ್ ಗ್ಲಾಸ್ಟರ್ ತಗ್ಗನ್ನು ಮುಟ್ಟಿ ಅಲ್ಲಿಂದ ಲಾಖ್ ಲಗ್ಗನ್ ಕಡೆಯ ಸರೋವರಕ್ಕೆ ಬಿತ್ತು. ಮಟ್ಟ 325 ಮೀಟರ್. ಗಮನಿಸಿ: ಇದೇ ವೇಳೆಯಲ್ಲಿ ಲಗ್ಗನ್ ಕಡೆ 260 ಮೀಟರಿನ ಸರೋವರ ಹಾಗೆಯೇ ಇತ್ತು. ಎರಡು ಮಟ್ಟಗಳು ಅಕ್ಕಪಕ್ಕದ ಕಣಿವೆಗಳಲ್ಲಿ ಒಂದೇ ಕಾಲಕ್ಕೆ ಇರಬಲ್ಲವು ಎಂಬುದನ್ನು ಇಲ್ಲಿಯೇ ಗಟ್ಟಿಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಗೋಜಲಾಗುತ್ತದೆ.

ಮೂರನೆಯ ಹಂತದಲ್ಲಿ ಹಿಮದ ಮುಂಭಾಗವು ಗ್ಲೆನ್ ರಾಯ್‌ನೊಳಗೆ ಮೇಲೇರಿ ಗ್ಲೆನ್ ಗ್ಲಾಸ್ಟರ್ ಕವಲಿನ ಬಾಯಿಯನ್ನೂ ದಾಟಿತು. ಆ ಕೋಡಿಯೂ ಮುಚ್ಚಿಹೋಯಿತು. ಉಳಿದದ್ದು ಕಣಿವೆಯ ತಲೆಯ ತಗ್ಗು ಒಂದೇ. ನೀರು 350 ಮೀಟರಿನವರೆಗೆ ಏರಿ ಸ್ಪೇ ನದಿಯ ಕಡೆಗೆ ಹೊರಳಿತು. ಹಿಮ ಹಿಂದೆ ಸರಿಯತೊಡಗಿದಾಗ ಇದೇ ಬಾಗಿಲುಗಳು ತಲೆಕೆಳಗಾದ ಕ್ರಮದಲ್ಲಿ ತೆರೆದುಕೊಂಡವು: ಮೊದಲು ಗ್ಲಾಸ್ಟರ್ ತೆರೆದು ಮಟ್ಟ 325ಕ್ಕೆ ಇಳಿಯಿತು, ಆಮೇಲೆ ರಾಯ್ ಕಣಿವೆಯ ಬಾಯಿ ತೆರೆದು 260ಕ್ಕೆ ಇಳಿಯಿತು.

ಆದ್ದರಿಂದ ಪೂರ್ಣ ಕ್ರಮ 260, 325, 350, 325, 260. ಮೇಲಿನ ದಾರಿಯಲ್ಲಿ ನೀರು ನಿಂತದ್ದು ಒಂದು ಬಾರಿ, ಕೆಳಗಿನ ಎರಡರಲ್ಲೂ ಎರಡೆರಡು ಬಾರಿ. ‘ಅತಿ ಹಳೆಯ ದಾರಿ ಯಾವುದು’ ಎಂದು ಪ್ರಶ್ನೆ ಬಂದರೆ, 260 ಮೀಟರಿನ ದಾರಿಯ ಕೆಲಸ ಎಲ್ಲಕ್ಕಿಂತ ಮೊದಲು ಆರಂಭವಾಗಿ ಎಲ್ಲಕ್ಕಿಂತ ಕೊನೆಗೆ ಮುಗಿಯಿತು ಎಂದು ಬರೆಯುವುದೇ ಸರಿಯಾದ ಉತ್ತರ.

ಪರೀಕ್ಷೆಯಲ್ಲಿ ಕ್ರಮ ಮರೆತರೆ ಕಟ್ಟಿಕೊಳ್ಳಲು ನಾನು ನೆಚ್ಚಿರುವ ಒಂದು ಉಪಾಯವಿದೆ: ಅಂಕೆಗಳನ್ನು ಕಂಠಪಾಠ ಮಾಡದೆ, ‘ಹಿಮ ಈಗ ಎಲ್ಲಿದೆ, ಅದು ಯಾವ ಕೋಡಿಯನ್ನು ಮುಚ್ಚಿದೆ, ಉಳಿದವುಗಳಲ್ಲಿ ಅತಿ ತಗ್ಗಿನದು ಯಾವುದು’ ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ಹಂತದಲ್ಲೂ ಕೇಳಿಕೊಳ್ಳುವುದು. ಬಿಳಿ ಹಾಳೆಯ ಮೇಲೆ ಎರಡು ಕಣಿವೆಗಳನ್ನು ಗೀಚಿ, ಸಣ್ಣ ಕಾಗದದ ಚೂರೊಂದನ್ನು ಹಿಮವೆಂದು ಇಟ್ಟು, ಪಶ್ಚಿಮದಿಂದ ಪೂರ್ವಕ್ಕೆ ತಳ್ಳಿ ನೋಡಿದರೆ ಐದೂ ಹಂತಗಳು ತಾವಾಗಿಯೇ ಬರುತ್ತವೆ. ದಾರಿಗಳ ವ್ಯಾಪ್ತಿಯೂ ಅದರಿಂದಲೇ ಹೊರಬೀಳುತ್ತದೆ: 350ರ ದಾರಿ ಗ್ಲೆನ್ ರಾಯ್‌ನ ಮೇಲ್ಭಾಗಕ್ಕೆ ಸೀಮಿತ, 260ರ ದಾರಿ ಮಾತ್ರ ಸ್ಪಿಯನ್ ಕಣಿವೆಯಲ್ಲೂ ಮುಂದುವರಿಯುತ್ತದೆ.

ಸೂತ್ರವನ್ನು ಪರೀಕ್ಷಿಸಲು ಪಕ್ಕದ ಗ್ಲೆನ್ ಗ್ಲಾಯ್ ಕಣಿವೆ ಒದಗಿಬರುತ್ತದೆ. ಅಲ್ಲಿ ಸುಮಾರು 355 ಮೀಟರಿನಲ್ಲಿ ಒಂದು ದಾರಿಯಿದೆ. ಅದರ ಕೋಡಿ ಗ್ಲೆನ್ ಟರೆಟ್ ಎಂಬ ಕಣಿವೆಯ ಮೂಲಕ ಗ್ಲೆನ್ ರಾಯ್‌ಗೇ ಹರಿಯುತ್ತಿತ್ತು. ರಾಯ್‌ನ ಸರೋವರ ಎಂದೂ 350 ಮೀಟರನ್ನು ಮೀರಲಿಲ್ಲವಾದ್ದರಿಂದ, ಮೇಲಿನ ಕೆರೆ ಕೆಳಗಿನ ಕೆರೆಗೆ ಕೋಡಿ ಹರಿಯುವುದರಲ್ಲಿ ಯಾವ ವಿರೋಧವೂ ಇಲ್ಲ.

ಡಾರ್ವಿನ್ ಏಕೆ ಸಮುದ್ರ ಎಂದರು

ಚಾರ್ಲ್ಸ್ ಡಾರ್ವಿನ್ 1838ರ ಜೂನ್‌ನಲ್ಲಿ ಇಲ್ಲಿಗೆ ಬಂದು, ಮರುವರ್ಷ ಪ್ರಕಟಿಸಿದ ಲೇಖನದಲ್ಲಿ ಇವು ಹಳೆಯ ಸಮುದ್ರತೀರಗಳೆಂದು ವಾದಿಸಿದರು. ದಕ್ಷಿಣ ಅಮೆರಿಕದ ಚಿಲಿಯಲ್ಲಿ, ನೆಲ ಮೇಲೆದ್ದುದರಿಂದ ಎತ್ತರಕ್ಕೆ ಬಂದ ಸಮುದ್ರತೀರಗಳನ್ನು ಅವರು ಕಂಡುಬಂದಿದ್ದರು. ಅವರಿಗೂ ಮುಂಚೆ ಜಾನ್ ಮೆಕಲಕ್ ಮತ್ತು ಥಾಮಸ್ ಲಾಡರ್ ಡಿಕ್ ಇವು ಸರೋವರದ ತೀರಗಳೆಂದು ಹೇಳಿದ್ದರೂ, ಅಂಥ ಸರೋವರವನ್ನು ತಡೆಯುವಷ್ಟು ದೊಡ್ಡ ಮಣ್ಣುಬಂಡೆಯ ಅಡ್ಡಗಟ್ಟೆಯ ಕುರುಹು ಎಲ್ಲೂ ಇರಲಿಲ್ಲ. ಅಡ್ಡಗಟ್ಟೆ ಇಲ್ಲವೆಂದರೆ ಸರೋವರವಿಲ್ಲ, ಸರೋವರವಿಲ್ಲವೆಂದರೆ ಸಮುದ್ರವೇ ಎಂಬುದು ಡಾರ್ವಿನ್ನರ ತರ್ಕದ ಹಾದಿ. ಕರಗಿ ಕಾಣೆಯಾಗುವ ಅಡ್ಡಗಟ್ಟೆಯೊಂದು ಇರಬಹುದೆಂಬ ಆಯ್ಕೆ ಆ ಪಟ್ಟಿಯಲ್ಲಿ ಇರಲಿಲ್ಲ. 1840ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಲೂಯಿ ಅಗಾಸಿ, ಇಂಗ್ಲಿಷ್ ಭೂವಿಜ್ಞಾನಿ ವಿಲಿಯಂ ಬಕ್ಲಂಡ್ ಜೊತೆ ಸ್ಕಾಟ್‌ಲೆಂಡಿನಲ್ಲಿ ಸಂಚರಿಸಿ, ಆ ಅಡ್ಡಗಟ್ಟೆ ಹಿಮನದಿಯೇ ಎಂದರು. ಆಲ್ಪ್ಸ್‌ನಲ್ಲಿ ಹಿಮನದಿಗಳು ನೀರನ್ನು ತಡೆದು ನಿಲ್ಲಿಸುವುದನ್ನು ಅವರು ಬಲ್ಲವರಾಗಿದ್ದರು.

ವಾದ ಅಲ್ಲಿಗೆ ಮುಗಿಯಲಿಲ್ಲ. ನಡುವಿನ ದಾರಿಗೆ ಹೊಂದುವ ಕೋಡಿಯನ್ನು, ಅಂದರೆ ಗ್ಲೆನ್ ಗ್ಲಾಸ್ಟರ್ ತಗ್ಗನ್ನು, ಡೇವಿಡ್ ಮಿಲ್ನ್ 1847ರಲ್ಲಿ ಬೆಳಕಿಗೆ ತಂದರು. ಆದರೆ ಅವರು ಮಣ್ಣಿನ ಅಡ್ಡಗಟ್ಟೆಯ ಪಕ್ಷದವರು. ಥಾಮಸ್ ಜೇಮಿಸನ್ 1861ರಲ್ಲಿ ಕಣಿವೆಯನ್ನು ಪರಿಶೀಲಿಸಿ ಹಿಮದ ಪರವಾದ ಸಾಕ್ಷ್ಯಗಳನ್ನು ಒದಗಿಸಿದ ಬಳಿಕ ಡಾರ್ವಿನ್ ತಮ್ಮ ವಾದವನ್ನು ಕೈಬಿಟ್ಟರು. ಜೇಮಿಸನ್ನರ ಲೇಖನ 1863ರಲ್ಲಿ ಪ್ರಕಟವಾಯಿತು. ಉಳಿದೆಲ್ಲವನ್ನೂ ತಳ್ಳಿಹಾಕಿ ಉಳಿದದ್ದೇ ನಿಜ ಎನ್ನುವ ಪದ್ಧತಿಯನ್ನು ವಿಜ್ಞಾನದಲ್ಲಿ ನಂಬಬಾರದೆಂಬ ಪಾಠವನ್ನು ಈ ಪ್ರಕರಣ ಕಲಿಸಿತೆಂದು ಡಾರ್ವಿನ್ ಆತ್ಮಕಥೆಯಲ್ಲಿ ಬರೆದಿದ್ದಾರೆ. ನನ್ನ ದೃಷ್ಟಿಯಲ್ಲಿ ಅವರ ವಾದಕ್ಕೆ ನಿಜವಾದ ಪೆಟ್ಟು ಮೇಲಿನ ವ್ಯಾಪ್ತಿಯ ಮಾತಿನಲ್ಲಿದೆ: ಸಮುದ್ರವು 350 ಮೀಟರಿನಲ್ಲಿ ನಿಂತಿದ್ದರೆ, ತೆರೆದೇ ಇದ್ದ ಪಕ್ಕದ ಸ್ಪಿಯನ್ ಕಣಿವೆಯನ್ನು ಬಿಟ್ಟು ಗ್ಲೆನ್ ರಾಯ್‌ನಲ್ಲಿ ಮಾತ್ರ ಗುರುತು ಉಳಿಸಲು ಕಾರಣವಿಲ್ಲ.

ಕಾಲಾವಧಿ ಮತ್ತು ಕೊನೆಯ ಪ್ರವಾಹ

ಸರೋವರದ ತಳದಲ್ಲಿ ಪ್ರತಿ ವರ್ಷ ಬೇಸಿಗೆಯಲ್ಲಿ ಒಂದು ಒರಟು ಪದರ, ಚಳಿಗಾಲದಲ್ಲಿ ಒಂದು ನಯವಾದ ಜೇಡಿಪದರ ಕೂರುತ್ತದೆ. ಈ ಜೋಡಿಪದರಗಳನ್ನು ಎಣಿಸಿದವರು ಸರೋವರಗಳ ಒಟ್ಟು ಆಯಸ್ಸು ಸುಮಾರು 500 ವರ್ಷ ಎಂದು ಕಂಡುಕೊಂಡಿದ್ದಾರೆ. ಬಂಡೆಯಲ್ಲಿ ಹತ್ತು ಮೀಟರ್ ಅಗಲದ ಅಂಚು ಕೊರೆಯಲು ಇದು ಬಹಳ ಕಡಿಮೆ ಕಾಲ. ಹೆಪ್ಪುಗಟ್ಟುವಿಕೆಯ ಪಾತ್ರ ಎಷ್ಟು ದೊಡ್ಡದು ಎಂಬುದು ಇದರಿಂದ ತಿಳಿಯುತ್ತದೆ.

ಕೊನೆಯ 260 ಮೀಟರಿನ ಸರೋವರ ಮೆಲ್ಲಗೆ ಬತ್ತಲಿಲ್ಲ. ಹಿಮ ನೀರಿಗಿಂತ ಹಗುರ, ಅದರ ಸಾಂದ್ರತೆ ನೀರಿನ ಸುಮಾರು ಹತ್ತರಲ್ಲಿ ಒಂಬತ್ತು ಪಾಲು. ಆದ್ದರಿಂದ ನೀರಿನ ಆಳ ಹಿಮದ ದಪ್ಪದ ಹತ್ತರಲ್ಲಿ ಒಂಬತ್ತು ಪಾಲನ್ನು ಸಮೀಪಿಸಿದಾಗ ಅಡ್ಡಗಟ್ಟೆಯ ಬುಡವೇ ತೇಲಲಾರಂಭಿಸುತ್ತದೆ. ನೀರು ಹಿಮದಡಿಯಿಂದ ದಾರಿ ಮಾಡಿಕೊಂಡು, ಸ್ಪಿಯನ್ ಕಮರಿಯ ಮೂಲಕ ಗ್ರೇಟ್ ಗ್ಲೆನ್‌ಗೆ ನುಗ್ಗಿ, ಈಶಾನ್ಯಕ್ಕೆ ಲಾಖ್ ನೆಸ್ ಕಡೆಗೆ ಹರಿದುಹೋಯಿತೆಂದು ಸಂಶೋಧಕರು ವಿವರಿಸುತ್ತಾರೆ.

ಇಂದಿನ ರಾಯ್‌ಬ್ರಿಜ್ ಮತ್ತು ಫೇಗರ್‌ನ ನೀರು

ಊರಿನ ಇತಿಹಾಸವನ್ನು ಚಿಕ್ಕದಾಗಿ ಬರೆದುಕೊಂಡರೆ ಸಾಕು. ಇದು ಕೆಪ್ಪಕ್‌ನ ಮ್ಯಾಕ್‌ಡೊನಾಲ್ಡ್ ಕುಲದ ನೆಲ. 1688ರ ಆಗಸ್ಟ್‌ನಲ್ಲಿ ಅವರಿಗೂ ಮ್ಯಾಕಿಂಟಾಶ್ ಕುಲಕ್ಕೂ ಮುಲ್‌ರಾಯ್ ಎಂಬಲ್ಲಿ ನಡೆದ ಕಾಳಗವನ್ನು ಸ್ಕಾಟ್‌ಲೆಂಡಿನ ಕೊನೆಯ ಕುಲಯುದ್ಧವೆಂದು ಎಣಿಸುತ್ತಾರೆ. ಊರಿನ ಪೂರ್ವಕ್ಕಿರುವ ಕಿಲ್ ಕೊರಿಲ್ ಚರ್ಚಿನ ಸ್ಮಶಾನದಲ್ಲಿ ಗೇಲಿಕ್ ಕವಿ ಇಯನ್ ಲೋಮ್‌ನ ಸಮಾಧಿಯಿದೆ. ವೆಸ್ಟ್ ಹೈಲ್ಯಾಂಡ್ ರೈಲು ಮಾರ್ಗ 1894ರಲ್ಲಿ ಇಲ್ಲಿಗೆ ಬಂತು.

ಭೂಗೋಳದ ದೃಷ್ಟಿಯಿಂದ ಹೆಚ್ಚು ಮುಖ್ಯವಾದದ್ದು ಫೇಗರ್ ತಗ್ಗಿನ ಸುತ್ತ ಇಂದಿನ ನೀರಿನ ಹರಿವು. ಭೂಪಟದಲ್ಲಿ ಪ್ಯಾಟಕ್ ನದಿಯನ್ನು ನೋಡಿ: ಉತ್ತರಕ್ಕೆ ಹರಿಯುತ್ತಾ ಬಂದು, ಫೇಗರ್‌ನ ಹತ್ತಿರ ಥಟ್ಟನೆ ನೈಋತ್ಯಕ್ಕೆ ಹೊರಳಿ ಲಾಖ್ ಲಗ್ಗನ್ ಸೇರುತ್ತದೆ. ಹಳೆಯ ಸರೋವರವಿದ್ದಾಗ ಇದೇ ಜಾಗದಲ್ಲಿ ನೀರು ಪೂರ್ವಕ್ಕೆ, ಸ್ಪೇ ಕಡೆಗೆ ದಾಟುತ್ತಿತ್ತು. ಈಗ ಫೋರ್ಟ್ ವಿಲಿಯಂನ ಅಲ್ಯೂಮಿನಿಯಂ ಕಾರ್ಖಾನೆಗಾಗಿ ಕಟ್ಟಿದ ಜಲವಿದ್ಯುತ್ ಯೋಜನೆಯಲ್ಲಿ ದಿಕ್ಕು ತಿರುಗಿದೆ: ಸ್ಪೇ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನಿಂದ ನೀರನ್ನು ಲಾಖ್ ಲಗ್ಗನ್‌ಗೆ ತಿರುಗಿಸಲಾಗುತ್ತದೆ, ಅಲ್ಲಿಂದ ಅದು ಲಾಖ್ ಟ್ರೀಗ್‌ಗೆ, ಅಲ್ಲಿಂದ ಬೆನ್ ನೆವಿಸ್ ಬೆಟ್ಟಸಾಲಿನಡಿ ಕೊರೆದ ಸುಮಾರು 24 ಕಿಲೋಮೀಟರ್ ಸುರಂಗದ ಮೂಲಕ ಕಾರ್ಖಾನೆಗೆ ಇಳಿಯುತ್ತದೆ. ಸ್ಪೇ ಮತ್ತು ಸ್ಪಿಯನ್ ನಡುವಿನ ಜಲವಿಭಾಜಕ ಈ ಭಾಗದಲ್ಲಿ ಎಷ್ಟು ತಗ್ಗಾಗಿದೆ ಎಂಬುದೇ ಅಂದಿನ ಕೋಡಿಗೂ ಇಂದಿನ ತಿರುವಿಗೂ ಕಾರಣ.